ಚೀಲಕ್ಕೆ ಸಿಕ್ಕ ಸೀಟು

ಕ್ರಿಸ್‌ಮಸ್ಸಿನ ಹಿಂದಿನ ದಿನ, ಹಿಂದೂಪುರದ ಬಸ್ ನಿಲ್ದಾಣ. ಮಗಳ ಊರು ಕಲ್ಯಾಣದುರ್ಗದ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಗಳೊಳಗೆ ಟವೆಲ್ಲುಗಳು ಬಿದ್ದವು. ನನ್ನ ಬಳಿ ಟವೆಲ್ಲಿರಲಿಲ್ಲ. ಕೈಚೀಲವನ್ನೇ ಮೆಲ್ಲನೆ ಒಳಗಿಳಿಸಿ ಸೀಟು ಹಿಡಿದೆ. ಮಂಡಿನೋವಿನಲ್ಲಿ ಮೆಟ್ಟಿಲು ಹತ್ತುವಷ್ಟರಲ್ಲಿ ಬಸ್ಸು ತುಂಬಿಹೋಗಿ, ಬಾಗಿಲ ಬಳಿಯೇ ಸಿಕ್ಕಿಕೊಂಡೆ.

ಆಶ್ಚರ್ಯವೆಂದರೆ, ಅಷ್ಟು ಜನ ನಿಂತಿದ್ದರೂ ಚೀಲದ ಜಾಗದಲ್ಲಿ ಯಾರೂ ಕೂರಲಿಲ್ಲ. ಪಕ್ಕದ ಸೀಟಿನ ಹೆಂಗಸು ಅದರ ಮೇಲೆ ಕೈಯಿಟ್ಟುಕೊಂಡು ಕೂಗಿದಳು:

"ಈ ಸಂಚಿ ಎವರಿದಿ? ಯಾರ್ದಮ್ಮ ಇದು?"

"ನಂದು ಕಣಮ್ಮ. ಜೋಪಾನ, ಒಳಗೆ ಮಣ್ಣಿನ ಕೂಸೈತೆ. ಮೊಮ್ಮಕ್ಕಳು ಗೋದಲಿ ಕಟ್ಟವ್ರೆ, ಅದ್ರಾಗೆ ಯೇಸು ಅಂತ ಮಲಗ್ಸೋಕೆ."

"ಕೂಸಾ? ನೀನು ನಿಧಾನವಾಗಿ ಬಾರವ್ವ. ಯಾರ್ನೂ ಕೂರಕ್ಕೆ ಬಿಡಕಿಲ್ಲ."

ಕಂಬದೂರಿನಲ್ಲಿ ಅರ್ಧ ಜನ ಇಳಿಯುವವರೆಗೂ ಕಂಬಿ ಹಿಡಿದು ನಿಂತೇ ಬಂದೆ. ಕಾಲು ಮರಗಟ್ಟಿ, ಈ ಹಬ್ಬವೇ ಬೇಡವೆನಿಸಿತ್ತು. ಅವಳು ಮಾತ್ರ ರಸ್ತೆಯ ಪ್ರತಿ ಗುಂಡಿಗೂ ಚೀಲಕ್ಕೆ ಕೈ ಅಡ್ಡ ಕೊಡುತ್ತಿದ್ದಳು.

ಛತ್ರದಲ್ಲಿ ಜಾಗ ಸಿಗದೆ ಕೊಟ್ಟಿಗೆಯಲ್ಲಿ ಹುಟ್ಟಿದವನು ಈ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಬಂದ. ನಿಂತು ಬಂದದ್ದು ನಾನು.