ಬಂದ್ಬಿಟ್ಟೆ ಅಂದ ಚಿತ್ರ

ನಮ್ಮ ಕಡೆ ಯಾರಾದರೂ ಫೋನಿನಲ್ಲಿ ‘ಬಂದ್ಬಿಟ್ಟೆ’ ಅಂದರೆ ಇನ್ನೂ ಚಪ್ಪಲಿ ಮೆಟ್ಟಿಲ್ಲ ಅಂತ ಅರ್ಥ. ಆಗದೇ ಇರುವುದನ್ನು ಆಗಿಹೋಯಿತು ಅನ್ನುವುದರಲ್ಲಿ ನಾವು ನಿಸ್ಸೀಮರು. ಚಿಪ್ ಮಾರುವವರು ಆ ಬೆಳಿಗ್ಗೆ ‘ನಾಗಸಂದ್ರಕ್ಕೆ ಬಂದ್ಬಿಟ್ಟೆ ಮೇಡಂ’ ಅಂದಾಗ, ಅವರ ಹಿಂದಿನಿಂದ ಮೆಟ್ರೋದ ಹೆಣ್ಣು ದನಿ ‘ಮುಂದಿನ ನಿಲ್ದಾಣ ಜಯನಗರ’ ಅಂತ ಸ್ಪಷ್ಟವಾಗಿ ಹೇಳುತ್ತಿತ್ತು. ಜಯನಗರದಿಂದ ನಮ್ಮ ನಾಗಸಂದ್ರಕ್ಕೆ ಇನ್ನೂ ಅರ್ಧ ಊರು ದಾಟಬೇಕು. ನನ್ನ ಅನುಮಾನ ಅಲ್ಲಿಂದಲೇ ಶುರುವಾಯಿತು.

ಪೀಣ್ಯದ ನಮ್ಮ ಪುಟ್ಟ ಕಂಪನಿ ಕ್ರೇನುಗಳಿಗೆ ಕ್ಯಾಮೆರಾ ಮಾಡಿಕೊಡುತ್ತದೆ. ಮೇಲೆ ಕ್ಯಾಬಿನ್ನಿನಲ್ಲಿ ಕೂತ ಆಪರೇಟರಿಗೆ ಭಾರದ ಆಚೆ ಬದಿ ಕಾಣುವುದಿಲ್ಲ. ಆದ್ದರಿಂದ ಕೆಳಗೊಂದು ಕ್ಯಾಮೆರಾ, ಮೇಲೊಂದು ಪರದೆ. ನಡುವೆ ಚಿತ್ರ ಹೊತ್ತು ಓಡುವ ಚಿಪ್ ಆರಿಸುವುದು ನನ್ನ ಕೆಲಸ. ಎಫ್‌ಪಿಜಿಎ ಅನ್ನುತ್ತೇವೆ, ಕೊಂಡು ತಂದ ಮೇಲೂ ಒಳಗಿನ ಜೋಡಣೆಯನ್ನು ನಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಮೊದಲ ಕ್ಯಾಮೆರಾ ಹೋಗಬೇಕಾಗಿದ್ದದ್ದು ಪಕ್ಕದ ಶೆಡ್ಡಿಗೆ. ಅಲ್ಲಿ ಕೊಕ್ಕೆಗೆ ಸರಪಳಿ ಬಿಗಿಯುವ ಅಣ್ಣ ರಾಜಗೋಪಾಲನಗರದವರು, ನನ್ನ ಜೊತೆ ದಿನಾ ಟೀ ಕುಡಿಯುವವರು. ಪರದೆ ಸುಳ್ಳು ಹೇಳಿದರೆ ಹೋಗುವುದು ಅವರ ಕೈ. ನನಗೆ ಆ ಭಯ ಇತ್ತು.

ಮಾರುವವರು ಕೊನೆಗೂ ಬಂದರು. ತಮ್ಮ ಚಿಪ್ ಇದ್ದ ಬೋರ್ಡನ್ನು ನಮ್ಮ ಟಿವಿಗೆ ಜೋಡಿಸಿ, ಕ್ಯಾಮೆರಾವನ್ನು ಗೋಡೆಯ ಲಕ್ಷ್ಮಿ ಕ್ಯಾಲೆಂಡರಿಗೆ ಹಿಡಿದರು. ಟಿವಿಯಲ್ಲಿ ಚಿತ್ರ ಕನ್ನಡಿಯಷ್ಟು ಚೊಕ್ಕ.

“ನೋಡಿ ಸಾರ್, ಸಕ್ಕತ್ತಾಗಿ ಬಂತು!” ಎಂದರು. ಹೇಳಿದ್ದು ನನಗಲ್ಲ, ನಮ್ಮ ಮಾಲೀಕರಿಗೆ.

ಬಂತೇನೋ ಬಂತು, ಯಾವಾಗ ಹೊರಟಿತ್ತು? ಕ್ಯಾಲೆಂಡರಿನ ಲಕ್ಷ್ಮಿ ಅಲುಗಾಡುವುದಿಲ್ಲವಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಪ್ಪ ಫ್ಯಾಕ್ಟರಿಯಿಂದ ಬಂದು ಬೂಟು ಬಿಚ್ಚುತ್ತಾ ಹೇಳುತ್ತಿದ್ದರು. ಟೀಗೆ ಬಂದಿದ್ದ ಅಣ್ಣನನ್ನು ಕರೆದು, ಕ್ಯಾಮೆರಾ ಮುಂದೆ ಸ್ಟೀಲ್ ಲೋಟದಿಂದ ಮೇಜು ಕುಟ್ಟಲು ಹೇಳಿದೆ. ‘ಠಣ್’ ಅಂತ ಕೇಳಿಸಿತು. ಆಮೇಲೆ ಟಿವಿಯಲ್ಲಿ ಲೋಟ ಕೆಳಗಿಳಿಯಿತು.

“ಅದು ಟಿವಿ ಪ್ರಾಬ್ಲಂ ಮೇಡಂ,” ಎಂದರು ಮಾರುವವರು.

ಅದೇ ಟಿವಿಗೆ ನನ್ನ ಬಳಿಯಿದ್ದ ಇನ್ನೊಂದು ಸ್ಯಾಂಪಲ್ ಬೋರ್ಡು ಜೋಡಿಸಿದೆ. ನೋಡಲು ಒರಟು, ಮುಟ್ಟಿದರೆ ಬಿಸಿ. ಆದರೆ ಸದ್ದೂ ಲೋಟವೂ ಒಟ್ಟಿಗೇ ಬಂದವು. ಅದರ ಚಿಪ್ಪಿನ ದಾರಿ ಅಗಲ, ಚಿತ್ರವನ್ನು ಇದ್ದಂತೆಯೇ ದಾಟಿಸುತ್ತದೆ. ಮಾರುವವರ ಚಿಪ್ಪಿನದು ಕಿರಿದಾದ ದಾರಿ. ಚಿತ್ರಗಳನ್ನು ತಡೆದು ನಿಲ್ಲಿಸಿಕೊಂಡು, ಹಿಂಡಿ ಸಣ್ಣದು ಮಾಡಿ, ಆಮೇಲೆ ಕಳಿಸುತ್ತದೆ.

ಮಾಲೀಕರಿಗೆ ಆತುರ. ಒರಟು ಬೋರ್ಡು ಇನ್ನಷ್ಟು ಬೇಕೆಂದರೆ ತಿಂಗಳುಗಟ್ಟಲೆ ಕಾಯಬೇಕು, ಇವರದು ನಾಳೆಯೇ ಸಿಗುತ್ತದೆ. “ಕಣ್ಣು ಮಿಟುಕಿಸೋಷ್ಟು ಹೊತ್ತು ಕಣ್ರೀ. ಕ್ರೇನೇನು ರೇಸ್ ಕುದುರೆನಾ?” ಅಂದರು. ಒಳಗೊಳಗೇ ಮಾತಾಗಿಬಿಟ್ಟಿದೆಯೇನೋ ಅಂತ ಅವರ ಮೇಲೂ ನನಗೆ ಗುಮಾನಿ ಬಂತು. ನಿಜ ಹೇಳಬೇಕೆಂದರೆ ಸಿಟ್ಟು ನೆತ್ತಿಗೇರಿತ್ತು. ಮತ್ತೆ ಮಾರುವವರ ಆ ಚೊಕ್ಕ ಬೋರ್ಡನ್ನೇ ಜೋಡಿಸಿ, ಸುತ್ತಿಗೆ ಕೈಗೆತ್ತಿಕೊಂಡೆ.

“ನಾನು ಟಿವಿ ಮಾತ್ರ ನೋಡ್ತೀನಿ ಸಾರ್. ಅದರಲ್ಲಿ ಮೇಜು ಖಾಲಿ ಕಂಡಾಗ ಮಾತ್ರ ಹೊಡೀತೀನಿ. ನೀವು ಯಾವಾಗ ಬೇಕಾದ್ರೂ ಕೈ ಇಡಿ,” ಎಂದೆ ಮಾರುವವರಿಗೆ.

ಅವರು ನಕ್ಕರು. ನಾನು ನಗಲಿಲ್ಲ. ಅವರ ಎರಡೂ ಕೈ ಪ್ಯಾಂಟಿನ ಜೇಬಿಗೆ ಹೋದವು. “ಏನ್ ಮೇಡಂ, ತಮಾಷೆನಾ?”

ಮಾಲೀಕರತ್ತ ನೋಡಿದೆ. ಅವರೂ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಿದ್ದರು.

ಅಣ್ಣ ಲೋಟವನ್ನು ಪಕ್ಕಕ್ಕಿಟ್ಟು, ಮೇಜಿನ ಮೇಲೆ ತಮ್ಮ ಕೈ ಅಗಲಿಸಿ ಇಟ್ಟರು. ತಮಾಷೆಗೇ ಇರಬೇಕು. “ನಂದು ಮಡೀಕಳಿ ಮೇಡಂ. ದಿನಾ ಆ ಕೊಕ್ಕೆ ಕೆಳಗೇ ಇರ್ತೈತಲ್ಲ,” ಎಂದರು.

ನಾನು ಸುತ್ತಿಗೆ ಕೆಳಗಿಟ್ಟೆ. ಮಾಲೀಕರು ಆ ಕೈಯನ್ನು ಸ್ವಲ್ಪ ಹೊತ್ತು ನೋಡಿ, ಒರಟು ಬೋರ್ಡಿನವರಿಗೆ ಫೋನ್ ಹಚ್ಚಿದರು. ಆ ಕಡೆಯವರು ಏನೋ ಹೇಳಿರಬೇಕು, ಇವರು ರೇಗಿದರು.

“ಕಳಿಸ್ಬಿಟ್ಟೆ ಅನ್ಬೇಡ್ರಿ. ಕಳಿಸ್ರಿ.”