ಮೀಸಲು ಬೆಲ್ಲಕ್ಕೆ ಬಿದ್ದ ಬಿಳಿ ಪುಡಿ

ಅನ್ನಕ್ಕೆ ರುಚಿಯನ್ನೂ, ರುಚಿಯನ್ನರಿಯುವ ನಾಲಿಗೆಯನ್ನೂ, ಕೆಟ್ಟದ್ದು ಬಾಯಿ ಸೇರುವ ಮೊದಲೇ ಎಚ್ಚರಿಸುವ ಮೂಗನ್ನೂ ಕರುಣಿಸಿದ ಭಗವಂತನಿಗೆ ಮೊದಲು ನಮಸ್ಕಾರ. ಇವುಗಳಲ್ಲಿ ಮೂಗಿನ ಉಪಕಾರ ಎಷ್ಟೆಂದು ನಾನು ಸರಿಯಾಗಿ ತಿಳಿದದ್ದು ಈ ಇಳಿವಯಸ್ಸಿನಲ್ಲಿ, ಒಂದು ರಾಮನವಮಿಯ ಬೆಳಿಗ್ಗೆ.

ಹೊಸನಗರದಿಂದ ನಗರವೆಂಬ ಊರಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರ ರಾಮದೇವರ ಗುಡಿಯಿದೆ. ಅಲ್ಲಿಯ ನೈವೇದ್ಯದ ಹೊಣೆ ನನ್ನದು. ನನ್ನ ಹೆಂಡತಿಯ ತಮ್ಮ ಪ್ರತಿವರ್ಷ ಆಲೆಮನೆ ನಡೆಸಿ, ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ ಅಚ್ಚು ಕಟ್ಟದೆ ಪಾಕದಂತೆ ಉಳಿಯುವ ಜೋನಿ ಬೆಲ್ಲ ಇಳಿಸುತ್ತಾನೆ. ಮನುಷ್ಯರು ಮುಟ್ಟುವ ಮೊದಲೇ ಒಂದು ಡಬ್ಬಿ ಬೆಲ್ಲವನ್ನು ದೇವರಿಗೆಂದು ತುಂಬಿ, ಬಾಯಿ ಕಟ್ಟಿಡುವುದು ಆ ಮನೆಯ ರೂಢಿ. ಅದೇ ಮೀಸಲು. ಅದರಲ್ಲಿ ಬೆರಳ ತುದಿಯಷ್ಟನ್ನು ಯಾರಾದರೂ ನೆಕ್ಕಿದರೂ ಮೀಸಲು ಮುರಿಯಿತು. ಮತ್ತೆ ನೈವೇದ್ಯಕ್ಕೆ ಸಲ್ಲದು.

ಆ ಬೆಳಿಗ್ಗೆ ಅವನು ಮಡಿಯಲ್ಲಿ ಡಬ್ಬಿ ಹೊತ್ತು ತಂದ. ಮುಚ್ಚಳ ತೆಗೆದರೆ ಮೇಲಿನ ಪದರ ಕಪ್ಪಗಿತ್ತು. ಸೌಟು ಇಳಿಸಿದರೆ ಒಳಗೆ ಒಣಹುಲ್ಲಿನಂಥ ಪೇಲವ ಹಳದಿ.

“ಎಂತದಾ ಇದು, ಒಂದೇ ಡಬ್ಬೀಲಿ ಎರಡು ಬಣ್ಣ?” ಎಂದೆ.

“ಮೇಲೆ ಗಾಳಿ ತಾಗಿದ್ದು ಭಾವ. ಒಳಗೆ ನೋಡಿ, ಬಂಗಾರ ಇದ್ದಾಂಗೆ ಇದ್ದು!”

ಬೆಲ್ಲವನ್ನು ನೀರಿನಲ್ಲಿ ಕದಡಿ, ಪಾನಕಕ್ಕೆ ನಿಂಬೆಹಣ್ಣು ಹಿಂಡಿದೆ. ಮರುಕ್ಷಣವೇ ಪಾತ್ರೆಯಿಂದ ಆಗತಾನೆ ಗೀರಿದ ಬೆಂಕಿಕಡ್ಡಿಯ ಘಾಟು ಎದ್ದು ಗಂಟಲು ಹಿಡಿಯಿತು. ಏಲಕ್ಕಿ, ಕಾಳುಮೆಣಸು ಹಾಕಿದೆ. ಪರಿಮಳದ ಅಡಿಯಿಂದ ಆ ನಾತ ನುಸುಳಿ ಬಂದಾಗ ಇನ್ನಷ್ಟು ಹೇಸಿಗೆಯಾಯಿತು.

ಸಾಗರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನ ಮಗಳು ಅಲ್ಲೇ ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದಳು. ತಲೆಯೆತ್ತಿ ಕೇಳಿದಳು:

“ಮಾವ, ಹೈಡ್ರೋಸ್ ಹಾಕಿದ್ಯಾ?”

“ಎಲ್ಲರೂ ಹಾಕ್ತ. ಕಪ್ಪು ಬೆಲ್ಲ ಪೇಟೇಲಿ ಯಾರೂ ತಗತ್ವಿಲ್ಲೆ.”

“ರಾಮದೇವ್ರು ಪೇಟೆ ಗಿರಾಕಿಯನಾ?”

ಅವನಿಗೆ ಸಿಟ್ಟು ಬಂತು. “ದೇವ್ರ ಬೆಲ್ಲ ಹೇಳೇ ನಾನು ಒಂದು ಮುಷ್ಟಿ ಜಾಸ್ತಿ ಹಾಕಿದ್ದಿ! ಮಿಂದು, ಮಡಿ ಉಟ್ಟೇ ಹಾಕಿದ್ದಿ!”

ಮಗಳು ಆಮೇಲೆ ವಿವರಿಸಿದಳು. ಬೆಲ್ಲ ಬೆಳ್ಳಗಾಗಲೆಂದು ಹಾಕುವ ಈ ಹೈಡ್ರೋಸ್ ಎಂಬ ಬಿಳಿ ಪುಡಿ ಸೋಡಿಯಂ, ಗಂಧಕ, ಆಮ್ಲಜನಕ ಕೂಡಿದ ಲವಣ. ಬಟ್ಟೆಗೆ ನೀಲಿ ಅದ್ದುವವರ ತೊಟ್ಟಿಯಲ್ಲಿ ಅದಕ್ಕೆ ತಕ್ಕ ಕೆಲಸವಿದೆ. ಆಮ್ಲಜನಕಕ್ಕಾಗಿ ಅದರದ್ದು ತೀರದ ಹಸಿವು. ಬೆಲ್ಲದ ಬಣ್ಣವನ್ನು ಅದು ಬೇರೊಂದು ರೂಪಕ್ಕೆ ತಿರುಗಿಸಿ ಅಡಗಿಸುತ್ತದೆ, ತೆಗೆದುಹಾಕುವುದಿಲ್ಲ. ಗಾಳಿ ತಾಗಿದ ಕಡೆ ಬಣ್ಣ ಮರಳಿ ಬರುತ್ತದೆ. ಪುಡಿ ತಾನು ಒಡೆದು ಸಲ್ಫೈಟಾಗಿ ಬೆಲ್ಲದಲ್ಲೇ ಉಳಿಯುತ್ತದೆ. ಹುಳಿ ಬಿದ್ದೊಡನೆ ಗಂಧಕ ಸುಟ್ಟಾಗ ಬರುವ ಅನಿಲವನ್ನೇ ಹೊರಬಿಡುತ್ತದೆ. ಉಬ್ಬಸವಿದ್ದವರು ಕುಡಿದರೆ ಉಸಿರು ಕಟ್ಟೀತು ಎಂದಳು.

ಹಿಂದಿನವರು ಕಬ್ಬಿನ ಹಾಲಿಗೆ ಸುಣ್ಣವನ್ನೂ ಬೆಂಡೆಗಿಡದ ಲೋಳೆಯನ್ನೂ ಹಾಕುತ್ತಿದ್ದರು. ಕೊಳೆ ನೊರೆಯಾಗಿ ಮೇಲೇಳುತ್ತಿತ್ತು. ಅದನ್ನು ತೆಗೆದು ಚೆಲ್ಲುತ್ತಿದ್ದರು. ಕೊಳೆ ಹೊರಗೆ ಹೋಗುವುದಕ್ಕೆ ಶುದ್ಧಿ ಎಂದು ಹೆಸರು. ಇಲ್ಲಿ ಕೊಳೆ ಒಳಗೇ ಕುಳಿತು ಮುಖಕ್ಕೆ ಬಿಳಿ ಬಳಿದುಕೊಂಡಿತ್ತು. ನಾವೋ, ಬೆಳ್ಳಗೆ ಕಂಡದ್ದಕ್ಕೆಲ್ಲ ಕೈಮುಗಿಯುವ ಜನ.

“ಮನೆಯಲ್ಲಿ ಎಂತ ತಿಂತ್ಯ?” ಎಂದು ಕೇಳಿದೆ.

ಅವನು ನೆಲ ನೋಡಿದ. “ಮನೆಗೆ ಪುಡಿ ಹಾಕದ್ದೇ ತೆಗೆದಿಟ್ಟಿದ್ದಿ. ಮಕ್ಕ ತಿಂತ ಅಲ್ದಾ.”

ಪಾತ್ರೆಯ ನಾತಕ್ಕಿಂತ ಆ ಮಾತಿಗೆ ನನಗೆ ಹೆಚ್ಚು ವಾಕರಿಕೆ ಬಂತು.

ಅಂಗಳದಲ್ಲಿ ಜನ ಸೇರತೊಡಗಿದ್ದರು. ನಡುಹಗಲಿಗೆ ಸ್ವಾಮಿಯ ಜನನ. ಆ ಹೊತ್ತಿಗೆ ಪಾನಕ ಸಿದ್ಧವಿರಬೇಕು.

“ಮನೆದು ತಂದ್ರೆ ಅಡ್ಡಿಲ್ಯಾ ಭಾವ? ಆದ್ರೆ ಅದು ಮೀಸಲಲ್ಲ. ಬೆಳಿಗ್ಗೆ ಮಕ್ಕ ದೋಸೆಗೆ ಹಾಕ್ಯಂಡು ತಿಂದದ್ದು.”

ಮುರಿದ ಮೀಸಲನ್ನು ನಾನು ಎಂದೂ ಗರ್ಭಗುಡಿಯೊಳಗೆ ಒಯ್ದವನಲ್ಲ. ನನ್ನ ತಂದೆಯೂ ಒಯ್ದವರಲ್ಲ. ಆದರೆ ಈ ಮುರಿಯದ ಮೀಸಲನ್ನು ಒಯ್ದರೆ, ನಮ್ಮ ಮಕ್ಕಳ ಬಾಯಿಗೆ ಹಾಕಲು ಅಂಜಿದ್ದನ್ನು ಸ್ವಾಮಿಯ ಮುಂದಿಟ್ಟಂತೆ. ತೀರ್ಥವೆಂದು ಊರಿಗೆಲ್ಲ ಕುಡಿಸಿದಂತೆ.

“ಮಕ್ಕ ತಿಂದದ್ದೇ ಬರಲಿ. ಬೇಗ ಹೋಗು,” ಎಂದೆ.

ಅವನು ಓಡಿದ. ಕೆಟ್ಟ ಪಾನಕವನ್ನು ಗಿಡದ ಬುಡಕ್ಕೆ ಸುರಿಯಲೂ ಮನಸ್ಸಾಗದೆ ಹಿತ್ತಿಲ ಬರಿಗಲ್ಲಿನ ಮೇಲೆ ಚೆಲ್ಲಿದೆ. ಪಾತ್ರೆಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿದರೆ, ಹುಳಿ ತಾಗಿ ಅದೇ ಘಾಟು ಮತ್ತೆ ಮೂಗಿಗೆ ಬಡಿಯಿತು. ಕೊನೆಗೆ ಬೂದಿಯಲ್ಲಿ ಉಜ್ಜಿ ತೊಳೆದೆವು.

ನಡುಹಗಲಿಗೆ ಕಪ್ಪು ಪಾನಕದ ನೈವೇದ್ಯವಾಯಿತು. ಲೋಟ ಹಿಡಿದ ನೆರೆಮನೆಯ ಅಜ್ಜಿಯೊಬ್ಬರು ಕೇಳಿದರು: “ಇದೇನ್ರೀ ಭಟ್ರೇ, ಈ ಸಲ ಪಾನಕ ಇಷ್ಟ್ ಕಪ್ಪು?”

ಮಗಳು ನಕ್ಕಳು. “ರಾಮದೇವ್ರೂ ಕಪ್ಪೇ ಅಲ್ವಾ ಅಜ್ಜಿ, ಕುಡೀರಿ.”

ಭಾವಮೈದ ಎಲ್ಲರಿಗೂ ಬಡಿಸಿ, ಕೊನೆಯಲ್ಲಿ ಕಂಬದ ಮರೆಗೆ ನಿಂತು ತಾನೂ ಕುಡಿದ. ನನಗೆ ಮಾತ್ರ ಅಂದು ಊಟ ಸೇರಲಿಲ್ಲ. ಕೈಗೆ ಹತ್ತಿದ ಗಂಧಕದ ವಾಸನೆ ತುತ್ತು ತುತ್ತಿಗೂ ಎದುರಾಯಿತು.

ಕಬ್ಬು ಕಡಿದವರಿಗೆ, ಕೊಪ್ಪರಿಗೆಯ ಮುಂದೆ ಬೆಂದವರಿಗೆ, ನಿಜವನ್ನು ಬಿಡಿಸಿ ಹೇಳಿದವಳಿಗೆ, ತಮ್ಮ ದೋಸೆಯ ಬೆಲ್ಲವನ್ನು ದೇವರಿಗೆ ಬಿಟ್ಟುಕೊಟ್ಟ ಮಕ್ಕಳಿಗೆ, ಸೇವೆಯೆಂದೇ ನಂಬಿ ಆ ಪುಡಿ ಹಾಕಿದವನಿಗೂ ಸ್ವಾಮಿ ಒಳಿತು ಮಾಡಲಿ. ಅವರೆಲ್ಲರ ಉಸಿರು ತಿಳಿಯಾಗಿರಲಿ.