ಸೋತವರಿಗೆ ಒಂದು ಕಾರಣ

ಸಾಹೇಬರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ನೌಕರಿಗೆ ಸೇರಿದ ಹೊಸತರಲ್ಲಿ, ತಾಂಡೂರಿನ ಒಂದು ಕಟ್ಟಡದಲ್ಲಿ, ಅದರ ಮೇಲೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಜಾರಿ ಬಿದ್ದಿತ್ತಂತೆ. ಊಟಕ್ಕೆ ಕುಳಿತಾಗಲೂ ಆ ಬೆರಳು ಯಾರನ್ನೋ ಗದರಿಸುವ ಹಾಗೆ ನೆಟ್ಟಗೆ ನಿಂತಿರುತ್ತಿತ್ತು. ಗದರಿಸುವ ಮನುಷ್ಯ ಮಾತ್ರ ಅವರಲ್ಲ.

ಅವರು ಸರ್ಕಾರಿ ಕಟ್ಟಡಗಳ ಇಂಜಿನಿಯರ್. ನಾನು ನಕ್ಷೆ ಮಾಡಿ ಹೊಟ್ಟೆ ಹೊರೆಯುವವನು. ನಾರಾಯಣಖೇಡದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್‌ಗೆ ಅವರ ಆಫೀಸು ನಕ್ಷೆಗಳ ಸ್ಪರ್ಧೆ ಕರೆದಾಗ ನಾನೂ ಒಂದು ಹಾಕಿ ಸೋತೆ. ಯಾರೋ ದೊಡ್ಡವರು ಫೋನು ಮಾಡಿಸಿರಬೇಕು ಎಂದು ಊರೆಲ್ಲ ಹೇಳಿಕೊಂಡು ತಿರುಗಿದೆ. ಮೂರನೇ ದಿನ ಸಾಹೇಬರ ಆಫೀಸಿನಿಂದ ಕರೆ ಬಂತು.

“ಕುಂದ್ರಿ. ಯಾಕ ಸೋತ್ರಿ ಅಂತ ನೋಡೂಣು,” ಎಂದು ನನ್ನ ನಕ್ಷೆ ಹಾಸಿದರು. ಮೂಲೆಯಲ್ಲಿದ್ದ ನನ್ನ ಹೆಸರಿಗೆ, ಯಾರ ನಕ್ಷೆಯೆಂದು ತಿಳಿಯದ ಹಾಗೆ ಕಾಗದ ಅಂಟಿಸಿ, ಅಂಕ ಕೊಟ್ಟಾದ ಮೇಲೆ ಕಿತ್ತ ಗುರುತಿತ್ತು. ಅವರ ಬೆರಳು ಅಂಗಳದಾಚೆಯ ಸಂಡಾಸಿನ ಮೇಲೆ ಹೋಗಿ ನಿಂತಿತು. “ನಿಮ್ಮ ಮಗಳೇ ಇಲ್ಲಿ ಇರ್ತಾಳ ಅಂತ ತಿಳೀರಿ. ಮಳಿ ಹತ್ಯದ, ಹೊಟ್ಟಿ ಕೆಟ್ಟದ. ಇಷ್ಟು ಬಯಲು ದಾಟಿ ಹ್ಯಾಂಗ ಹೋಗ್ಬೇಕ್ರಿ?”

ಗೆದ್ದವರ ನಕ್ಷೆಯನ್ನೂ, ಎಲ್ಲರ ಅಂಕದ ಹಾಳೆಯನ್ನೂ ಮುಂದಿಟ್ಟರು. ಊರಲ್ಲಿ ಆಡಿದ ಮಾತುಗಳಿಗೆ ನನಗೆ ನಾಚಿಕೆಯಾಯಿತು.

ಅವರು ಸೋತವರನ್ನೆಲ್ಲ ಹೀಗೆ ಕರೆಯುತ್ತಿದ್ದರು. ಗೆದ್ದವನಿಗೆ ಆದೇಶದ ಕಾಗದ ಕೊಟ್ಟು ಕಳಿಸುವುದು, ಸೋತವನಿಗೆ ಅರ್ಧ ತಾಸು ಕೊಡುವುದು. ಗುತ್ತೇದಾರನೊಬ್ಬ ನಕ್ಕಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: “ಸೋತಾಂವಗ ಕಾರಣ ಕೊಡಬೇಕೋ. ಕಾರಣ ಸಿಕ್ಕರ ಕೆಲಸ ಕಲೀತಾನ. ಸಿಗಲಿಲ್ಲಂದ್ರ ಯಾರದರೆ ಕಾಲು ಹಿಡಿಯಾಕ ಹೋಗ್ತಾನ.”

ಮುಂದೆ ತಾಂಡೂರಿನ ಲೈಬ್ರರಿ ಕಟ್ಟಡ ನನಗೆ ಸಿಕ್ಕಿತು. ಅದನ್ನು ಗೆಲ್ಲಿಸಿದ್ದು ಆ ಸಂಡಾಸೇ ಎಂದು ಈಗಲೂ ಹೇಳುತ್ತೇನೆ. ಅವರ ಮನೆಗೆ ಹೋಗಿಬರುವ ರೂಢಿಯಾಯಿತು. ಅವರ ಬಾಯಲ್ಲಿ ‘ನೀವು’ ಹೋಗಿ ‘ನೀ’ ಆದೆ.

ಸಾಹೇಬರು ನಿವೃತ್ತರಾದರು, ಹಾಸಿಗೆ ಹಿಡಿದರು. ಇತ್ತ ನನಗೆ ನಾಲ್ಕು ಜನರಲ್ಲಿ ಹೆಸರಾಗಿ, ಜಹೀರಾಬಾದ್ ಕಡೆಯ ಒಂದು ಸಮುದಾಯ ಭವನದ ನಕ್ಷೆ ಆರಿಸುವ ಕಮಿಟಿಗೆ ಕರೆದರು. ಹೋಗಿ ನೋಡಿದರೆ ಅಂಕದ ಹಾಳೆ ಮೊದಲೇ ತುಂಬಿತ್ತು. ಎಲ್ಲಕ್ಕಿಂತ ಒಳ್ಳೆಯ ನಕ್ಷೆ ತಾಂಡೂರಿನ ಒಬ್ಬ ಹುಡುಗಿಯದು. ಅದಕ್ಕೇ ಎಲ್ಲಕ್ಕಿಂತ ಕಡಿಮೆ ಅಂಕ. “ಸಹಿ ಮಾಡ್ರಿ, ಊಟ ತಣ್ಣಗಾಗ್ತದ,” ಎಂದರು ಕಮಿಟಿಯ ಹಿರಿಯರು. ನನಗೆ ಸಿಟ್ಟು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಸಹಿ ಮಾಡಿದೆ. ಊಟ ಮಾಡಿದೆ.

ಆ ಹುಡುಗಿ ಎರಡು ಸಲ ಫೋನು ಮಾಡಿದಳು, ಎತ್ತಲಿಲ್ಲ. ಒಮ್ಮೆ ಬಂದು ಹೋಗು ಎಂದು ಸಾಹೇಬರು ಹೇಳಿಕಳಿಸಿದರು. ನಾಳೆ ನಾಡಿದ್ದು ಎನ್ನುತ್ತ ಅದನ್ನೂ ತಳ್ಳಿದೆ. ಕೊನೆಗೆ ಹೋದದ್ದು ಅವರ ಮಣ್ಣಿಗೆ. ಎಲ್ಲರಂತೆ ನಾನೂ ಹಿಡಿ ಮಣ್ಣು ಹಾಕಿದೆ. ಅಳು ಬರಲಿಲ್ಲ, ಏನೂ ಬರಲಿಲ್ಲ.

ಅಲ್ಲಿಂದ ಸಾಹೇಬರ ಮನೆಗೆ ಮರಳಿದಾಗ ಅವರ ಹೆಂಡತಿ ಪಕ್ಕದಲ್ಲಿ ಕೂರಿಸಿಕೊಂಡರು. “ನಿನ್ನ ಹಾದಿ ನೋಡಿದ್ರು ತಮ್ಮಾ. ತಾಂಡೂರಿನ ಆ ಹುಡುಗಿ ತನ್ನ ನಕ್ಷೆ ತಂದು, ನಾ ಯಾಕ ಸೋತೆ ಹೇಳ್ರಿ ಅಂತ ಕುಂತಿದ್ಲು. ಎರಡು ದಿನ ದಿಂಬಿಗೆ ಆತು ಅದನ್ನ ನೋಡಿದ್ರು. ತಪ್ಪು ಸಿಗಲಿಲ್ಲ. ‘ನನ್ನ ಕಣ್ಣು ಹೋಗ್ಯಾವ. ಕಮಿಟ್ಯಾಗ ಅಂವ ಅದಾನ, ಅಂವಗ ಏನರೆ ಕಂಡಿರ್ತದ, ಬಂದಾಗ ಕೇಳ್ತೀನಿ’ ಅಂತಿದ್ರು. ಏನಿತ್ತಪ್ಪಾ ತಪ್ಪು?”

“ಏನೂ ಇರಲಿಲ್ರಿ,” ಎಂದೆ.

ಅವರು ತಲೆಯಾಡಿಸಿ, ಬಂದವರನ್ನು ಮಾತಾಡಿಸಲು ಎದ್ದುಹೋದರು. ಆ ಹುಡುಗಿಗೆ ನಾನು ಇದನ್ನು ಇನ್ನೂ ಹೇಳಿಲ್ಲ.